ಟ್ರ್ಯಾಕ್ಟರ್ ಡೀಸೆಲ್ ಲೈನಿಗೆ ಮತ್ತೆ ಮತ್ತೆ ಏರ್ ಹಿಡಿಯುತ್ತಿದ್ದರೆ ಎಲ್ಲಿ ಹುಡುಕಬೇಕು

ಡೀಸೆಲ್ ಲೈನಿಗೆ ಏರ್, ಅಂದರೆ ಗಾಳಿ, ಹಿಡಿದರೆ ತೆಗೆಯುವುದು ದೊಡ್ಡ ಕೆಲಸವಲ್ಲ. ಕೋಲಾರ, ಚಿಂತಾಮಣಿ, ಪಾವಗಡ, ಎಲ್ಲೇ ಆಗಲಿ ಟ್ರ್ಯಾಕ್ಟರ್ ಓಡಿಸುವ ಹುಡುಗರಿಗೆ ಅದು ಗೊತ್ತು. ಸ್ಕ್ರೂ ಸಡಿಲಿಸು, ಕೈ ಪಂಪ್ ಒತ್ತು, ನೊರೆ ನಿಂತ ಮೇಲೆ ಬಿಗಿ ಮಾಡು. ಅಷ್ಟೇ. ತಲೆನೋವು ಶುರುವಾಗುವುದು ಆಮೇಲೆ. ಇವತ್ತು ತೆಗೆದ ಏರ್ ನಾಳೆ ಬೆಳಿಗ್ಗೆ ಮತ್ತೆ ಬಂದು ಕೂತಿರುತ್ತದೆ. ಮತ್ತೆ ತೆಗೆಯುತ್ತಾರೆ, ಮತ್ತೆ ಬರುತ್ತದೆ. ಆ ಹೊತ್ತಿಗೆ ಯಾರೋ ಒಬ್ಬರು "ಪಂಪ್ ಹೋಗಿದೆ ಅಣ್ಣಾ, ಬಿಚ್ಚಿಸಿಬಿಡು" ಅನ್ನುತ್ತಾರೆ. ನಾಝಲಿಗೆ ಜೋರು ಒತ್ತಡದಲ್ಲಿ ಡೀಸೆಲ್ ತಳ್ಳುವ ಡೀಸೆಲ್ ಪಂಪ್ ಬಿಚ್ಚಿ, ಅಳತೆ ಸರಿ ಮಾಡಿಸುವ ಕ್ಯಾಲಿಬ್ರೇಷನ್‌ಗೆ ಹಾಕಿದರೆ ಸಾವಿರಗಟ್ಟಲೆ ಖರ್ಚು. ತೊಂದರೆ ಇರುವುದು ಮಾತ್ರ ಬಹಳ ಸಲ ಒಂದು ತಾಮ್ರದ ವಾಷರಿನಲ್ಲಿ, ಇಲ್ಲವೇ ಬಿರುಕು ಬಿಟ್ಟ ರಬ್ಬರ್ ಪೈಪಿನಲ್ಲಿ.

ಆದ್ದರಿಂದ ಇಲ್ಲಿ ಏರ್ ತೆಗೆಯುವುದಕ್ಕಿಂತ ಅದು ಒಳಗೆ ಬರುವ ಜಾಗ ಹುಡುಕುವುದನ್ನು ಜಾಸ್ತಿ ಬರೆದಿದ್ದೇನೆ. ಲೆಕ್ಕ ಎಲ್ಲ ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಪಂಪ್ ಇರುವ ಎಂಜಿನ್ನಿನದು. ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬೋಟಿನ ಹಳೆಯ ಎಂಜಿನ್ನುಗಳಿಗೂ ಇದೇ ಲೆಕ್ಕ. ಅಲ್ಲಿ ಅಲೆಗೆ ಟ್ಯಾಂಕಿನ ತಳದ ಕೆಸರು ಎದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಮ್ಮ ಕಡೆ ಆ ಕೆಲಸವನ್ನು ಉಳುಮೆಯ ಕುಲುಕಾಟ ಮಾಡುತ್ತದೆ.

ಮೊದಲು, ಇದು ಏರ್ ಹೌದಾ?

ಡೀಸೆಲ್ ಒತ್ತಿದರೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಗಾಳಿ ಕುಗ್ಗುತ್ತದೆ. ಹಳೆಯ ಮಾದರಿ ಎಂಜಿನ್ನಿನಲ್ಲಿ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯಬೇಕಾದರೆ ಪೈಪಿನಲ್ಲಿ ಸುಮಾರು 200 ಬಾರ್ ಒತ್ತಡ ಬೇಕು. ಮಾಡೆಲ್ ನೋಡಿಕೊಂಡು ಸ್ವಲ್ಪ ಆಚೆ ಈಚೆ ಇರುತ್ತದೆ. ಲೈನಿನಲ್ಲಿ ಗಾಳಿ ಸೇರಿದ್ದರೆ ಪಂಪಿನೊಳಗೆ ಡೀಸೆಲ್ ಒತ್ತುವ ದಂಡ, ಅಂದರೆ ಪ್ಲಂಜರ್, ಆ ಗಾಳಿಯನ್ನೇ ಕುಗ್ಗಿಸುತ್ತಾ ಇರುತ್ತದೆ. ಒತ್ತಡ ಏರುವುದಿಲ್ಲ, ನಾಝಲ್ ತೆರೆಯುವುದಿಲ್ಲ, ಎಂಜಿನ್ ಹತ್ತುವುದಿಲ್ಲ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಎಂಜಿನ್ ಚೆನ್ನಾಗಿ ತಿರುಗುತ್ತಿದೆ, ಆದರೆ ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಅದು ಬೇರೆ ಕಥೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ), ಟೈಮಿಂಗ್ (ಡೀಸೆಲ್ ಬೀಳುವ ಹೊತ್ತು), ಇಲ್ಲವೇ ಬ್ಯಾಟರಿ ಸೋತು ಎಂಜಿನ್ ನಿಧಾನ ತಿರುಗುವುದು. ಅಲ್ಲಿ ಏರ್ ತೆಗೆಯುತ್ತಾ ಕೂತರೆ ಸುಮ್ನೆ ಡೀಸೆಲ್ ನೆಲಕ್ಕೆ.

ಏರ್ ಇದ್ದಾಗ ಇನ್ನೂ ಕೆಲವು ಗುರುತು ಕಾಣುತ್ತವೆ. ಹತ್ತಿ ಅರ್ಧ ನಿಮಿಷ ಓಡಿ ನಿಂತುಹೋಗುತ್ತದೆ. ಇಲ್ಲವೇ ಆಕ್ಸಿಲರೇಟರ್ ಮುಟ್ಟದೆ ಇದ್ದರೂ ಸದ್ದು ಏರುತ್ತಾ ಇಳಿಯುತ್ತಾ ಇರುತ್ತದೆ. ಖಾಲಿ ಓಡುವಾಗ ಸರಿ ಇದ್ದು, ರೋಟವೇಟರ್ ಮಣ್ಣಿಗಿಳಿಸಿದ ಕೂಡಲೇ ಉಸಿರು ಕಟ್ಟಿದರೆ ಅದು ಏರ್ ಆಗಿರಬಹುದು, ಕಟ್ಟಿಕೊಂಡ ಫಿಲ್ಟರ್ ಕೂಡ ಆಗಿರಬಹುದು.

ಏರ್ ಅಂತ ಮೋಸ ಹೋಗುವ ಎರಡು ಜಾಗ ಇವೆ. ಒಂದು, ಎಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್. ಎಳೆದ ಗುಂಡಿ ಪೂರ್ತಿ ಹಿಂದಕ್ಕೆ ಹೋಗದೆ ತುಕ್ಕಿಗೆ ಸಿಕ್ಕಿಕೊಂಡಿದ್ದರೆ ಪಂಪ್ ಡೀಸೆಲ್ ಕೊಡುವುದೇ ಇಲ್ಲ. ಕೀ ತಿರುಗಿಸಿದರೆ ಆಫ್ ಆಗುವ ಗಾಡಿಗಳಲ್ಲಿ ಆ ಕೆಲಸಕ್ಕೆ ಕರೆಂಟಿನಿಂದ ಆಡುವ ಸಾಲನಾಯ್ಡ್ ಇರುತ್ತದೆ. ಅದರ ವೈರ್ ಕಿತ್ತರೂ ಇದೇ ಗತಿ. ಫಿಲ್ಟರ್ ಹತ್ತಿರ ಡೀಸೆಲ್ ಒಳ್ಳೆಯ ಧಾರೆ ಬರುತ್ತಿದೆ, ನಾಝಲ್ ಹತ್ತಿರ ಒಂದು ಹನಿಯೂ ಇಲ್ಲ ಅಂದರೆ ಮೊದಲು ಇದನ್ನು ನೋಡಿ.

ಇನ್ನೊಂದು ಟ್ಯಾಂಕಿನ ಮುಚ್ಚಳ. ಡೀಸೆಲ್ ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು ಅಲ್ವಾ? ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ರಾಗಿ ಒಕ್ಕಣೆ ಕಾಲದ ಹೊಟ್ಟು, ಧೂಳು ಸೇರಿ ಅದು ಮುಚ್ಚಿಹೋಗುತ್ತದೆ. ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಗಾಡಿಗಳಂತೂ ನಮ್ಮ ಕಡೆ ಬೇಕಾದಷ್ಟಿವೆ. ಹೀಗಾದರೆ ಗಾಡಿ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಸೋತು ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ಬಿಚ್ಚಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಾಯಿಲೆ ಸಿಕ್ಕಿತು.

ಏರ್ ತೆಗೆಯುವ ಕ್ರಮ

ಟ್ಯಾಂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ ಇರಲಿ. ಟ್ಯಾಂಕಿನ ಕೆಳಗಿನ ಟ್ಯಾಪ್ ತೆರೆದಿದೆಯಾ ನೋಡಿ. ಫಿಲ್ಟರ್ ಸುತ್ತ ಇರುವ ಮಣ್ಣನ್ನು ಬಟ್ಟೆಯಿಂದ ಒರೆಸಿಯೇ ಸ್ಕ್ರೂಗೆ ಕೈ ಹಾಕಬೇಕು. ಒಂದು ಮರಳಿನ ಕಣ ಪಂಪಿನೊಳಗೆ ಹೋದರೆ ಅದರ ಮುಂದೆ ಏರ್ ಏನೂ ಅಲ್ಲ.

ಕ್ರಮ ಯಾವಾಗಲೂ ಟ್ಯಾಂಕಿನಿಂದ ಎಂಜಿನ್ ಕಡೆಗೆ. ಮೊದಲು ಟ್ಯಾಂಕಿಗೆ ಹತ್ತಿರದ ಫಿಲ್ಟರ್, ಆಮೇಲೆ ಎರಡನೆಯದು, ಆಮೇಲೆ ಪಂಪಿನ ಮೇಲಿನ ಸ್ಕ್ರೂ. ಪ್ರತಿ ಜಾಗದಲ್ಲೂ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ ಕೈ ಪಂಪ್ ಒತ್ತಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆ ಇಲ್ಲದ ಧಾರೆ. ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಒತ್ತುವುದು ನಿಲ್ಲಿಸಿ ಆಮೇಲೆ ಬಿಗಿ ಮಾಡಿದರೆ ಹೊರಗಿನ ಗಾಳಿ ಅಲ್ಲೇ ಒಳಗೆ ಹೋಗುತ್ತದೆ. ಕೆಲಸ ಮಾಡುವವರು ಒಬ್ಬರೇ ಇದ್ದಾಗ ತಪ್ಪುವುದು ಇಲ್ಲೇ. ಒಬ್ಬರು ಒತ್ತಲಿ, ಇನ್ನೊಬ್ಬರು ಸ್ಪ್ಯಾನರ್ ಹಿಡಿಯಲಿ.

ಸನ್ನೆ (ಲಿವರ್) ಒತ್ತುವ ಮಾದರಿ ಕೈ ಪಂಪಿನಲ್ಲಿ ಕೆಲವು ಸಲ ಸನ್ನೆ ಸಡಿಲವಾಗಿ ಆಡುತ್ತದೆ, ಡೀಸೆಲ್ ಬರುವುದಿಲ್ಲ. ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಂಜಿನ್ ಒಳಗೆ ತಿರುಗುತ್ತಾ ಪಂಪನ್ನು ಒತ್ತುವ ಕ್ಯಾಮ್ ಅದನ್ನು ಆಗಲೇ ಒತ್ತಿ ಹಿಡಿದಿರುತ್ತದೆ. ಎಂಜಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ.

ಇಷ್ಟಕ್ಕೂ ಹತ್ತದಿದ್ದರೆ ನಾಝಲ್ ಪೈಪು. ನಾಝಲ್ ಕಡೆಯ ನಟ್ಟನ್ನು, ಸಾಮಾನ್ಯವಾಗಿ 17 ನಂಬರ್ ಸ್ಪ್ಯಾನರ್ ಕೂರುತ್ತದೆ, ಅರ್ಧದಿಂದ ಒಂದು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಸ್ಟಾಪ್ ಗುಂಡಿ ಒಳಗೆ ಇರಲಿ, ಆಕ್ಸಿಲರೇಟರ್ ಪೂರ್ತಿ ಎಳೆಯಿರಿ, 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ನಟ್ಟಿನ ಸುತ್ತ ಗುಳ್ಳೆ ಹೋಗಿ ಡೀಸೆಲ್ ಚಿಮ್ಮಿದಾಗ ಬಿಗಿ ಮಾಡಿ. ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಎರಡರಲ್ಲಿ ಏರ್ ಹೋದರೆ ಸಾಕು, ಎಂಜಿನ್ ಹತ್ತಿಕೊಂಡು ಮೂರನೆಯದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ನಡುವೆ ಸೆಲ್ಫ್ ಮೋಟರಿಗೆ ಒಂದೆರಡು ನಿಮಿಷ ಬಿಡುವು ಕೊಡಿ. ಬಿಡದೆ ಹೊಡೆದರೆ ಮೋಟರ್ ಸುಟ್ಟು ಹೊಸ ಖರ್ಚು ಬರುತ್ತದೆ.

ಚಿಮ್ಮುವ ಡೀಸೆಲಿಗೆ ಕೈ ಅಡ್ಡ ಹಿಡಿಯಲೇಬಾರದು. ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣಬಹುದು, ಒಳಗಿನ ಮಾಂಸ ಕೊಳೆಯುತ್ತದೆ. ಹಾಗಾದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿದು ಹತ್ತಿಸುವ ಅಭ್ಯಾಸ ಇನ್ನೂ ಇದೆ. ಡೀಸೆಲೇ ಬರದ ಎಂಜಿನ್ ಆ ಪೆಟ್ರೋಲಿಗೆ ನಾಲ್ಕು ಸಲ ಗುಡುಗಿ ನಿಲ್ಲುತ್ತದೆ. ಏರ್ ಇದ್ದಲ್ಲೇ ಇರುತ್ತದೆ, ಪಿಸ್ಟನ್ ರಿಂಗಿಗೆ ಮಾತ್ರ ಏಟು ಬೀಳುತ್ತದೆ.

ಮತ್ತೆ ಬಂತು ಅಂದರೆ

ಟ್ಯಾಂಕ್ ಖಾಲಿಯಾಗಿ ಏರ್ ಹಿಡಿದಿದ್ದರೆ, ಇಲ್ಲವೇ ಫಿಲ್ಟರ್ ಬದಲಿಸಿದ್ದಕ್ಕೆ ಹಿಡಿದಿದ್ದರೆ, ಒಂದು ಸಲ ತೆಗೆದರೆ ಮುಗಿಯಿತು. ಡೀಸೆಲ್ ಕಮ್ಮಿ ಇದ್ದು ಇಳಿಜಾರಿನ ಹೊಲದಲ್ಲಿ ಗಾಡಿ ವಾಲಿದಾಗಲೂ ಹೀಗಾಗುತ್ತದೆ. ಡೀಸೆಲ್ ಒಂದು ಮೂಲೆಗೆ ಸರಿದು ಪೈಪು ಗಾಳಿ ಎಳೆಯುತ್ತದೆ. ನಂದಿ ಬೆಟ್ಟದ ತಪ್ಪಲಿನ ಕಡೆ, ಮಧುಗಿರಿ ಸುತ್ತಿನ ಗುಡ್ಡದ ಅಂಚಿನ ಹೊಲಗಳಲ್ಲಿ ಉಳುವವರು ಟ್ಯಾಂಕ್ ತಳ ಕಾಣುವ ತನಕ ಓಡಿಸದಿರುವುದು ಒಳ್ಳೆಯದು.

ಇವು ಯಾವುದೂ ಅಲ್ಲದೆ ಏರ್ ಮತ್ತೆ ಬಂದರೆ ಎಲ್ಲೋ ತೂತು ಇದೆ. ಎಲ್ಲರೂ ಮಾಡುವುದು ಒಂದೇ. ಡೀಸೆಲ್ ಎಲ್ಲಿ ಒದ್ದೆಯಾಗಿದೆ ಅಂತ ನೋಡುತ್ತಾರೆ. ಒದ್ದೆ ಕಾಣದಿದ್ದರೆ "ಲೀಕೇಜ್ ಎಲ್ಲೂ ಇಲ್ಲ" ಅಂತ ತೀರ್ಮಾನ ಮಾಡುತ್ತಾರೆ. ದಾರಿ ತಪ್ಪುವುದು ಇಲ್ಲಿ. ಟ್ಯಾಂಕಿನಿಂದ ಡೀಸೆಲ್ ಎಳೆದು ಡೀಸೆಲ್ ಪಂಪಿನ ಕಡೆಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅದರ ತನಕ ಇರುವ ಲೈನು ಎಳೆಯುವ ಲೈನು. ಫೀಡ್ ಪಂಪಿನಿಂದ ಮುಂದಕ್ಕೆ ಇರುವುದು ಒತ್ತುವ ಲೈನು. ಒತ್ತುವ ಕಡೆ ತೂತು ಇದ್ದರೆ ಡೀಸೆಲ್ ಹೊರಗೆ ಬರುತ್ತದೆ. ಎಳೆಯುವ ಕಡೆ ತೂತು ಇದ್ದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಳನೀರು ಕುಡಿಯುವ ಸ್ಟ್ರಾ ನಡುವೆ ಸೀಳಿದ್ದರೆ ನೀರು ಸೋರುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದಲ್ಲ, ಹಾಗೆ. ಆದ್ದರಿಂದ ಏರ್ ಬರುವ ಗಾಡಿಯಲ್ಲಿ ಒಣಗಿರುವ ಜಾಯಿಂಟುಗಳ ಮೇಲೆಯೇ ನನಗೆ ಅನುಮಾನ ಜಾಸ್ತಿ.

ಇದಕ್ಕೆ ಟ್ಯಾಂಕ್ ಎಲ್ಲಿದೆ ಅನ್ನುವುದನ್ನೂ ಸೇರಿಸಿಕೊಳ್ಳಬೇಕು. ಬಾನೆಟ್ ಒಳಗೆ, ಎಂಜಿನ್ನಿಗಿಂತ ಮೇಲೆ ಟ್ಯಾಂಕ್ ಇರುವ ಗಾಡಿಗಳಲ್ಲಿ ಡೀಸೆಲ್ ತನ್ನ ಭಾರಕ್ಕೇ ಇಳಿಯುತ್ತದೆ. ಅಲ್ಲಿ ತೂತು ಇದ್ದರೆ ಗಾಡಿ ನಿಂತಾಗ ಸ್ವಲ್ಪವಾದರೂ ಜಿನುಗುತ್ತದೆ. ರಾತ್ರಿ ಕೆಳಗೆ ಹಳೆಯ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆ ಸಿಗುತ್ತದೆ. ಟ್ಯಾಂಕ್ ಕೆಳಗೆ, ಮೆಟ್ಟಿಲ ಪಕ್ಕ ಇರುವ ಗಾಡಿಗಳಲ್ಲಿ ಲೈನು ಮೇಲಿದೆ, ಟ್ಯಾಂಕ್ ಕೆಳಗಿದೆ. ತೂತು ಇದ್ದರೆ ರಾತ್ರಿಯಿಡೀ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೇ ಇಳಿದು ಲೈನಿನಲ್ಲಿ ಗಾಳಿ ತುಂಬುತ್ತದೆ. ಸಂಜೆ ನಿಲ್ಲಿಸಿ ಅರ್ಧ ಗಂಟೆಗೆ ಹತ್ತಿಸಿದರೆ ಹತ್ತುತ್ತದೆ, ಬೆಳಿಗ್ಗೆ ಮಾತ್ರ ಹತ್ತುವುದಿಲ್ಲ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಡಿಸೆಂಬರಿನಲ್ಲಿ ಇದನ್ನು ಚಳಿಯ ತಲೆಗೆ ಕಟ್ಟುತ್ತಾರೆ. ಮಿಕ್ಕ ಡೀಸೆಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ರಿಟರ್ನ್ ಲೈನಿನ ವಾಲ್ವ್ ಕಸಕ್ಕೆ ಸಿಕ್ಕಿ ಪೂರ್ತಿ ಮುಚ್ಚದಿದ್ದರೂ ಹೀಗೆ ಡೀಸೆಲ್ ಹಿಂದಕ್ಕೆ ಹೋಗಬಹುದು, ಅದನ್ನೂ ಬಿಚ್ಚಿ ತೊಳೆದು ನೋಡಿ.

ಹುಡುಕುವುದಕ್ಕೆ ದುಬಾರಿ ಸಾಮಾನು ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ಲೆವೆಲ್ ಪೈಪ್ ಇದೆಯಲ್ಲ, ಒಳಗಿನದು ಕಾಣುವ ಪೈಪು, ಅದರ ಒಂದು ಮೊಳ ತುಂಡು ಸಾಕು. ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆಯ ಪೈಪ್ ತೆಗೆದು ಆ ಜಾಗಕ್ಕೆ ಇದನ್ನು ಹಾಕಿ ಕ್ಲಿಪ್ ಬಿಗಿ ಮಾಡಿ, ಏರ್ ತೆಗೆದು, ಎಂಜಿನ್ ಓಡಿಸಿ. ಗುಳ್ಳೆ ಹರಿಯುವುದು ಕಂಡರೆ ತೂತು ಅದಕ್ಕೂ ಹಿಂದೆ, ಟ್ಯಾಂಕ್ ಕಡೆ ಇದೆ. ಆಮೇಲೆ ಅದೇ ತುಂಡನ್ನು ಇನ್ನೂ ಹಿಂದಕ್ಕೆ ಹಾಕುತ್ತಾ ಹೋಗಿ. ಗುಳ್ಳೆ ಕಾಣದ ಜಾಗಕ್ಕೂ ಕಂಡ ಜಾಗಕ್ಕೂ ನಡುವೆ ಕಳ್ಳ ಇರುತ್ತಾನೆ. ಈ ಪೈಪನ್ನು ಅಲ್ಲೇ ಬಿಟ್ಟುಬಿಡಬೇಡಿ. ಡೀಸೆಲಿಗೆ ಅದು ಬೇಗ ಗಟ್ಟಿಯಾಗಿ ಸೀಳುತ್ತದೆ.

ಇನ್ನೊಂದು ಪರೀಕ್ಷೆ ಕ್ಯಾನ್ ಕಟ್ಟುವುದು. 5 ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ ಎಂಜಿನ್ನಿಗಿಂತ ಮೇಲೆ, ಬಿಸಿ ಸೈಲೆನ್ಸರಿನಿಂದ ದೂರ, ಗಟ್ಟಿಯಾಗಿ ಕಟ್ಟಿ. ಅಲ್ಲಿಂದ ಪೈಪನ್ನು ನೇರ ಫೀಡ್ ಪಂಪಿಗೆ ಕೊಡಿ. ಈಗ ಗಾಡಿಯ ಟ್ಯಾಂಕ್, ಅದರ ಟ್ಯಾಪ್, ಉದ್ದನೆಯ ಪೈಪು, ಎಲ್ಲವೂ ಆಟದಿಂದ ಹೊರಗೆ. ಹೀಗೆ ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕ್ ಕಡೆಯದು. ಇದರಲ್ಲಿ ಇನ್ನೊಂದು ಲಾಭ ಇದೆ. ಡೀಸೆಲ್ ಮೇಲಿನಿಂದ ಬರುವುದರಿಂದ, ಫೀಡ್ ಪಂಪಿನ ಎಳೆಯುವ ಭಾಗದಲ್ಲಿ ಗಾಳಿ ಎಳೆಯುತ್ತಿದ್ದ ತೂತು ಈಗ ಡೀಸೆಲ್ ಜಿನುಗಿಸಿ ತಾನೇ ಸಿಕ್ಕಿಬೀಳುತ್ತದೆ.

ಶಿಡ್ಲಘಟ್ಟ ಕಡೆಯ ಒಂದು ಗಾಡಿ ಹೀಗೆಯೇ ಸಿಕ್ಕಿತು. ಫಿಲ್ಟರ್ ಎರಡೂ ಹೊಸದು, ವಾಷರ್ ಹೊಸದು, ಪೈಪೂ ಹೊಸದು, ಆದರೂ ದಿನಾ ಬೆಳಿಗ್ಗೆ ಏರ್. ಕ್ಯಾನ್ ಕಟ್ಟಿ ಒಂದು ರಾತ್ರಿ ಬಿಟ್ಟರೆ ಫೀಡ್ ಪಂಪಿನ ಮೇಲಿರುವ ಕೈ ಪಂಪಿನ ಗುಂಡಿಯ ಬುಡದಲ್ಲಿ ಡೀಸೆಲ್ ಹನಿ ಕಟ್ಟಿತ್ತು. ಒಳಗಿನ ಸೀಲ್ ಸವೆದಿತ್ತು. ದಿನಾ ಏರ್ ತೆಗೆಯಲು ಆ ಗುಂಡಿಯನ್ನೇ ಒತ್ತಿ ಒತ್ತಿ ಇನ್ನಷ್ಟು ಸವೆಸಿದ್ದರು. ಕೈ ಪಂಪ್ ಮಾತ್ರ ಬೇರೆ ಹಾಕಿದರು, ಡೀಸೆಲ್ ಪಂಪ್ ಮುಟ್ಟಲಿಲ್ಲ. ಒತ್ತಿ ಆದ ಮೇಲೆ ಗುಂಡಿಯನ್ನು ತಿರುಗಿಸಿ ಪೂರ್ತಿ ಕೂರಿಸದೆ ಬಿಟ್ಟರೂ ಇದೇ ತೊಂದರೆ ಬರುತ್ತದೆ.

ಅನುಮಾನ ಇರುವ ಜಾಯಿಂಟು ಒಂದೇ ಆದರೆ ಅದರ ಸುತ್ತ ದಪ್ಪಗೆ ಗ್ರೀಸ್ ಮೆತ್ತಿ ಓಡಿಸಿ ನೋಡಿ. ಗುಳ್ಳೆ ನಿಂತರೆ ಅದೇ. ಗ್ರೀಸ್ ಬರೀ ಪರೀಕ್ಷೆಗೆ, ರಿಪೇರಿಗೆ ಅಲ್ಲ. ಲೈನಿಗೆ ಕಂಪ್ರೆಸರ್ ಗಾಳಿ ಹೊಡೆದು ನೋಡುವವರಿದ್ದಾರೆ. ಟ್ಯಾಂಕ್ ಜೋಡಿಸಿಕೊಂಡೇ ಹಾಗೆ ಮಾಡಿದರೆ ಟ್ಯಾಂಕಿನ ಬೆಸುಗೆ ಬಿಡುತ್ತದೆ.

ತೂತು ಎಲ್ಲೆಲ್ಲಿ ಇರುತ್ತದೆ ಅಂದರೆ, ನನ್ನ ಪಟ್ಟಿಯಲ್ಲಿ ಮೊದಲು ಫಿಲ್ಟರ್ ರಬ್ಬರ್. ಹಳೆಯ ರಬ್ಬರ್ ಮೇಲಿನ ತಲೆಗೆ ಅಂಟಿಕೊಂಡು ಉಳಿದಿರುತ್ತದೆ. ನೋಡದೆ ಅದರ ಮೇಲೆ ಹೊಸದನ್ನು ಹಾಕಿ ಬಿಗಿ ಮಾಡುತ್ತಾರೆ. ಎರಡು ರಬ್ಬರ್ ಸೇರಿ ಒಂದೂ ಸರಿ ಕೂರುವುದಿಲ್ಲ. ಫಿಲ್ಟರ್ ಬದಲಿಸಿದ ದಿನದಿಂದ ತೊಂದರೆ ಶುರುವಾಗಿದ್ದರೆ ಬೇರೆಲ್ಲೂ ಹೋಗದೆ ಇದನ್ನೇ ಬಿಚ್ಚಿ ನೋಡಿ.

ಆಮೇಲೆ ತಾಮ್ರದ ವಾಷರ್. ಪೈಪನ್ನು ಹಿಡಿದಿಡುವ, ಡೀಸೆಲ್ ಹರಿಯಲು ಒಳಗೆ ತೂತಿರುವ ಬ್ಯಾಂಜೋ ಬೋಲ್ಟಿನ ಎರಡೂ ಕಡೆ ಇರುತ್ತವೆ. ಒಂದು ಸಲ ಅಮುಕಿದ ತಾಮ್ರ ಗಟ್ಟಿಯಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕುವುದೇ ಸರಿ. ಅಂಗಡಿ ದೂರ ಇದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೇಲಿನ ಕಪ್ಪನ್ನು ಉಜ್ಜಿ ತೆಗೆಯಿರಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರದ ಗುಣವೇ ಬೇರೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತಬೇಡಿ. ಅದರ ಎಳೆ ಕಿತ್ತು ಪಂಪಿಗೆ ಹೋಗುತ್ತದೆ. ಲೀಕ್ ನಿಲ್ಲಲಿ ಅಂತ ಸ್ಕ್ರೂಗೆ ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದರೆ ಫಿಲ್ಟರ್ ತಲೆಯ ಅಲ್ಯುಮಿನಿಯಂ ಮರೆ (ಥ್ರೆಡ್) ಕಿತ್ತುಬರುತ್ತದೆ.

ರಬ್ಬರ್ ಪೈಪನ್ನು ಬಗ್ಗಿಸಿ ನೋಡಿದರೆ ಬಿರುಕು ಕಾಣುತ್ತದೆ. ಕ್ಲಿಪ್ಪಿನ ಅಡಿಯಲ್ಲೇ ಜಾಸ್ತಿ. ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಗೆ ಇಲಿ ಹಲ್ಲಿನ ಗುರುತನ್ನೂ ಹುಡುಕಿ. ಕಬ್ಬಿಣದ ಪೈಪು ಚಾಸಿಗೆ ಉಜ್ಜಿ ಸವೆಯುವ ಜಾಗ ಕಣ್ಣಿಗೆ ಬೀಳುವುದಿಲ್ಲ, ಬೆರಳಿಂದ ತಡವಿ ನೋಡಬೇಕು. ಫೀಡ್ ಪಂಪಿನಲ್ಲಿ ಡಯಾಫ್ರಮ್ (ಬಾಗುವ ಪೊರೆ) ಇರುವ ಗಾಡಿಯಾದರೆ ಎಂಜಿನ್ ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರಬಹುದು. ಹಾಗಿದ್ದರೆ ಗಾಡಿ ಓಡಿಸಬೇಡಿ, ತೆಳ್ಳಗಾದ ಆಯಿಲ್ ಬೇರಿಂಗ್ ಉಳಿಸುವುದಿಲ್ಲ.

ಹೊಂಡದ ಪಂಪ್‌ಸೆಟ್

ಕೃಷಿ ಹೊಂಡದಿಂದ ನೀರೆತ್ತುವ 5 ಎಚ್‌ಪಿ ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಕೆಲಸ ಸುಲಭ. ಸಾಮಾನ್ಯವಾಗಿ ಟ್ಯಾಂಕ್ ಮೇಲಿರುತ್ತದೆ, ಫೀಡ್ ಪಂಪ್ ಇರುವುದಿಲ್ಲ. ಫಿಲ್ಟರ್ ಸ್ಕ್ರೂ ಸಡಿಲಿಸಿದರೆ ಡೀಸೆಲ್ ತಾನೇ ಇಳಿದು ಗಾಳಿಯನ್ನು ಹೊರಗೆ ತಳ್ಳುತ್ತದೆ. ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುತ್ತಾ ಕಿವಿ ಕೊಡಿ. ನಾಝಲಿನಿಂದ ಕಿರ್ ಕಿರ್ ಅಂತ ಸದ್ದು ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ. ಸದ್ದಿಲ್ಲದಿದ್ದರೆ ನಾಝಲ್ ನಟ್ ಸಡಿಲಿಸಿ ಇನ್ನೊಮ್ಮೆ. ಹೀಗೆ ಮೇಲೆ ಟ್ಯಾಂಕ್ ಇರುವ ಎಂಜಿನ್ನಿಗೆ ಪದೇ ಪದೇ ಏರ್ ಹಿಡಿಯುತ್ತಿದ್ದರೆ ನಾನು ಮೊದಲು ನೋಡುವುದು ಟ್ಯಾಂಕಿನ ತಳದ ಕಸ, ನೀರು. ತಿಂಗಳುಗಟ್ಟಲೆ ಹೊಂಡದ ದಡದಲ್ಲೇ ನಿಂತಿರುವ ಟ್ಯಾಂಕ್ ಅದು, ಡೀಸೆಲ್ ಬರುವುದೂ ಬಂಕಿನಿಂದ ಕ್ಯಾನಿನಲ್ಲಿ. ಸೋಸದೆ ಸುರಿದರೆ ಟ್ಯಾಪಿನ ಬಾಯಿ ಕಟ್ಟಿಕೊಳ್ಳುತ್ತದೆ.

ಹೊಸ ಗಾಡಿಗಳ ಬಗ್ಗೆ

2023ರ ಜನವರಿಯಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ಎಲ್ಲ ನಾಝಲಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಟ್ಟು ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಎಂಜಿನ್ನುಗಳು ಜಾಸ್ತಿಯಾಗಿವೆ. ಅಲ್ಲಿ ನಾಝಲ್ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕಲೇಬಾರದು. ಒತ್ತಡ 1000 ಬಾರ್ ದಾಟುತ್ತದೆ. ಫಿಲ್ಟರ್ ಹತ್ತಿರದ ಕೈ ಪಂಪನ್ನು ಗಟ್ಟಿಯಾಗುವ ತನಕ ಒತ್ತಿ, ಕೀ ಆನ್ ಮಾಡಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಅದಕ್ಕೆ ಸ್ವಲ್ಪ ಸಮಯ ಕೊಟ್ಟು, ಆಮೇಲೆ ಸೆಲ್ಫ್ ಹೊಡೆಯಿರಿ. ನಿಮ್ಮ ಕೈಯಲ್ಲಿ ಇರುವುದು ಅಷ್ಟೇ. ಹತ್ತದಿದ್ದರೆ ಕಂಪ್ಯೂಟರ್ ಹಾಕಿ ನೋಡುವವರನ್ನೇ ಕರೆಸಬೇಕು.

ಹಳೆಯ ಗಾಡಿಯಲ್ಲಿ ಕ್ಯಾನ್ ಕಟ್ಟಿ ನೋಡಿದ್ದಾಯಿತು, ಲೆವೆಲ್ ಪೈಪಿನಲ್ಲಿ ಗುಳ್ಳೆ ಇಲ್ಲ, ಪಂಪಿನ ಸ್ಕ್ರೂ ತನಕ ಧಾರೆ ಚೆನ್ನಾಗಿದೆ, ಸ್ಟಾಪ್ ಕೇಬಲ್ ಸರಿ ಇದೆ, ಆದರೂ ನಾಝಲಿಗೆ ಡೀಸೆಲ್ ಬರುತ್ತಿಲ್ಲ ಅಂದರೆ ಆಗ ಪಂಪ್ ಬಿಚ್ಚಿಸಿ. ಪಂಪ್ ಅಂಗಡಿಯವರಿಗೆ "ಏರ್ ಬರ್ತಿದೆ" ಅಂತ ಮಾತ್ರ ಹೇಳಬೇಡಿ. ಎಲ್ಲಿ ತನಕ ಡೀಸೆಲ್ ಬರುತ್ತಿದೆ, ಎಲ್ಲಿ ನಿಂತಿದೆ, ಯಾವ ಯಾವ ಪರೀಕ್ಷೆ ಮಾಡಿದ್ದೀರಿ, ಅಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಂಪಿನ ಜೊತೆಗೇ ಕಳಿಸಿ.